ಉದ್ಘಾಟನೆಗೆ ಕಾದ ಜೋಕಾಲಿ

ನಮ್ಮ ಬೆಟಗೇರಿಯ ಪಾರ್ಕಿಗೆ ಹೊಸ ಜೋಕಾಲಿ ಬಂದು ನಿಂತಿತ್ತು, ಆದರೆ ಕೂರುವ ಹಾಗಿರಲಿಲ್ಲ. ಅದಕ್ಕೆ ಗೋಣಿಚೀಲ ಸುತ್ತಿ ಹಗ್ಗ ಬಿಗಿದಿದ್ದರು. ಪಕ್ಕದಲ್ಲಿದ್ದ ಕುಡಿಯುವ ನೀರಿನ ಹೊಸ ಸ್ಟೀಲ್ ಟಾಕಿಗೆ ಪ್ಲಾಸ್ಟಿಕ್ ಹೊದಿಸಿದ್ದರು. ಗೇಟಿಗೆ ಕೀಲಿ. ಎಮ್ಮೆಲ್ಲೆ ಸಾಹೇಬರು ಬಂದು ರಿಬ್ಬನ್ ಕತ್ತರಿಸುವವರೆಗೆ ಯಾರೂ ಮುಟ್ಟಬಾರದಂತೆ! ಆ ಸಾಹೇಬರೋ, ಇವತ್ತು ಬಂದೆ ನಾಳೆ ಬಂದೆ ಅನ್ನುತ್ತಲೇ ಇದ್ದರು.

ಹಳೆಯವನ್ನಾದರೂ ಉಳಿಸಿದ್ದರೇ? ತುಕ್ಕು ಹಿಡಿದ ಜಾರುಬಂಡಿ, ಹಲಗೆ ಸೀಳಿದ ಜೋಕಾಲಿ, ಸೋರುವ ಸಿಮೆಂಟ್ ಟಾಕಿ, ಎಲ್ಲವನ್ನೂ ಕಿತ್ತು ಲಾರಿಗೆ ಹೇರಿದ್ದರು. ಗದಗ ಜಿಲ್ಲೆಯಾಗಿ ಆಗಿನ್ನೂ ಬಹಳ ವರ್ಷವಾಗಿರಲಿಲ್ಲ. "ಜಿಲ್ಲಾ ಆಗೇತಿ, ಎಲ್ಲಾ ಹೊಸಾದು ಬರತೈತಿ ತಡೀರಿ" ಅನ್ನುವವರಿಗೇನೂ ಕಡಿಮೆಯಿರಲಿಲ್ಲ. ಮಕ್ಕಳು ಬಿಸಿಲಲ್ಲಿ ಗೇಟಿನ ಸರಳು ಹಿಡಿದು ನಿಂತು, ಬಾಯಾರಿ ನಮ್ಮ ಮನೆಗೆ ನೀರು ಕೇಳಲು ಬರುತ್ತಿದ್ದವು. ನಮಗೆ ನಳದಲ್ಲಿ ನೀರು ಬಿಡುವುದೇ ವಾರಕ್ಕೊಮ್ಮೆ. ಅರ್ಧರ್ಧ ಲೋಟ ಕೊಡುತ್ತ ಮೈಯೆಲ್ಲ ಉರಿಯುತ್ತಿತ್ತು.

ನನ್ನ ಉರಿಗೆ ಇನ್ನೊಂದು ಕಾರಣವಿತ್ತು. ನನ್ನ ಮಗಳಿಗೆ ಹುಟ್ಟಿನಿಂದ ಎರಡೂ ಪಾದ ಒಳಕ್ಕೆ ತಿರುಗಿದ್ದವು, ಕಾಲಲ್ಲಿ ಬಲವಿರಲಿಲ್ಲ. ಹಲಗೆಯ ಜೋಕಾಲಿಯಲ್ಲಿ ಕೂರಿಸಿದರೆ ಜಾರಿ ಬೀಳುತ್ತಿದ್ದಳು. ಹುಬ್ಬಳ್ಳಿಯ ಡಾಕ್ಟರು ಆಪರೇಷನ್ನಿಗೆ ಕೊಟ್ಟ ದಿನ ಬಾಗಿಲ ಚೌಕಟ್ಟು ಹಿಡಿದು ಹೇಗೆ ಕಿರುಚಿದಳೆಂದರೆ ಓಣಿಯೇ ಬಂದು ಸೇರಿತು. ಬಸ್ಸು ತಪ್ಪಿತು. ಇನ್ನು ತಡ ಮಾಡಿದರೆ ಎಲುಬು ಬಲಿತುಬಿಡುತ್ತದೆ, ಆಮೇಲೆ ನನ್ನನ್ನು ಕೇಳಬೇಡಿ ಎಂದು ಡಾಕ್ಟರು ಗದರಿಸಿ ಮತ್ತೊಂದು ದಿನ ಕೊಟ್ಟರು. ಅಷ್ಟರಲ್ಲಿ ಈ ಜೋಕಾಲಿ ಬಂತು. ಬೆನ್ನಿಗೆ ಆಸರೆ, ಹೊಟ್ಟೆಗೆ ಅಡ್ಡ ಸರಪಳಿ. ಗೋಣಿ ಸುತ್ತುವ ಮೊದಲೇ ಅವಳು ನೋಡಿಬಿಟ್ಟಿದ್ದಳು.

"ಅದರಾಗ ಒಮ್ಮೆ ಕುಂಡ್ರಸವ್ವಾ. ಆಮ್ಯಾಲ ಹುಬ್ಬಳ್ಳಿಗೆ ಬರ್ತೀನಿ. ಅಳಂಗಿಲ್ಲ."

ಮಾತು ಕೊಟ್ಟೆ. ಸಾಹೇಬರನ್ನು ನಂಬಿ ಮಾತು ಕೊಟ್ಟ ನನ್ನ ಬುದ್ಧಿಗೆ ಏನು ಹೇಳಲಿ!

ಆಸ್ಪತ್ರೆಗೆ ಹೊರಡುವ ಹಿಂದಿನ ದಿನವೂ ಸಾಹೇಬರ ಸುದ್ದಿಯಿಲ್ಲ. ಮಗಳು ಊಟ ಮುಟ್ಟದೆ ಮತ್ತದೇ ಚೌಕಟ್ಟಿಗೆ ಆತುಕೊಂಡು ಕೂತಿದ್ದಳು. ನನಗೆ ಹೆದರಿಕೆ ಹತ್ತಿತು. ಬಿಸಿಲು ಇಳಿಯುವ ಹೊತ್ತಿಗೆ ಅವಳನ್ನು ಎತ್ತಿಕೊಂಡು ಪಾರ್ಕಿಗೆ ನಡೆದೆ. ಗೇಟು ಕಾಯುವ ಮುದುಕರನ್ನು ಓಣಿಯವರೆಲ್ಲ ಚಾಚಾ ಎಂದೇ ಕರೆಯುತ್ತಿದ್ದೆವು.

"ಚಾಚಾ, ಕೀಲಿ ತಗೀರಿ."

"ಹುಚ್ಚಿ ಏನ ನೀ? ನನ್ನ ನೌಕರಿ ಹೋಗತೈತಿ, ಮಗಳ."

"ನಾಳೆ ಈಕಿ ಬರಲಿಲ್ಲಂದ್ರ ಈಕಿ ಕಾಲು ಹೋಗ್ತಾವು. ಯಾವುದು ದೊಡ್ಡದು, ನೀವ ಹೇಳ್ರಿ."

ಅವರು ಮಗಳ ಮುಖ ನೋಡಿದರು, ರಸ್ತೆ ನೋಡಿದರು. ಕೀಲಿ ತೆಗೆದು, ಒತ್ತದೆ ಹಾಗೆಯೇ ಕೊಂಡಿಗೆ ನೇತುಹಾಕಿದರು.

"ನಮಾಜಿಗೆ ಹೊತ್ತಾತು. ನಾ ಏನೂ ನೋಡಿಲ್ಲ" ಎಂದು ಹೊರಟೇಹೋದರು.

ನಾನು ನೇಕಾರರ ಮನೆಯವಳು. ಎಳೆ ಹರಿಯದಂತೆ ಗಂಟು ಬಿಚ್ಚಲು ಬರುತ್ತದೆ. ಅವತ್ತು ಮಾತ್ರ ಅವಸರಕ್ಕೆ ಹಲ್ಲಿನಿಂದ ಕಚ್ಚಿ ಎಳೆದೆ. ಗೋಣಿ ಸರಿಸಿ, ಮಗಳನ್ನು ಕೂರಿಸಿ, ಸರಪಳಿ ಹಾಕಿದೆ. ಇನ್ನೇನು ತೂಗಬೇಕು, ಹಾರ್ನ್ ಕೇಳಿಸಿತು. ಲಕ್ಷ್ಮೇಶ್ವರದಲ್ಲಿ ಯಾರದೋ ಲಗ್ನ ಮುಗಿಸಿ ಬರುತ್ತಿದ್ದ ಸಾಹೇಬರಿಗೆ ದಾರಿಯಲ್ಲಿ ನಮ್ಮ ಪಾರ್ಕು ನೆನಪಾಗಿತ್ತು. ಇಷ್ಟು ದಿನ ಬಾರದ ಪುಣ್ಯಾತ್ಮ ಈಗಲೇ ಬರಬೇಕೇ!

ಅವರ ಹಿಂಬಾಲಕನೊಬ್ಬ ಓಡಿ ಬಂದ.

"ಯಾರ ಬಿಟ್ರು ನಿನ್ನ ಒಳಗ? ಇಳಸು ಮದಲ! ಆ ಮುದುಕ ಎಲ್ಲಿ ಹಾಳಾಗಿ ಹೋಗ್ಯಾನ?"

"ಅವರದೇನೂ ತಪ್ಪಿಲ್ರಿ. ಅವರು ನಮಾಜಿಗೆ ಹೋದಾಗ ನಾನ ಕಂಪೌಂಡ್ ಜಿಗದು ಬಂದೀನಿ."

"ಈ ಹುಡುಗಿನ್ನ ಎತಗೊಂಡು?"

"ಹೂನ್ರಿ" ಅಂದೆ. ಇನ್ನೇನನ್ನಲಿ?

ಅಷ್ಟರಲ್ಲಿ ಸಾಹೇಬರು ಬಂದರು. ಮಗಳ ಕಾಲು ನೋಡಿದರು, ಜೊತೆಗೆ ಬಂದಿದ್ದ ಕ್ಯಾಮೆರಾದವನನ್ನು ನೋಡಿದರು. ಮುಖ ಅರಳಿತು.

"ಇರಲಿ ಬಿಡ್ರೋ. ಈ ಕೂಸಿನಿಂದನ ಉದ್ಘಾಟನಾ ಆಗಲಿ. ನಾನ ತೂಗ್ತೀನಿ."

ನನ್ನನ್ನು ಪಕ್ಕಕ್ಕೆ ಸರಿಸಿ ಜೋಕಾಲಿಯ ಬೆನ್ನಿಗೆ ಕೈಯಿಟ್ಟರು. ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಚಾಚಾನ ನೌಕರಿ ನೆನೆದು ಬಾಯಿ ಬಿಗಿಹಿಡಿದೆ. ಮಗಳು ಕತ್ತು ಹೊರಳಿಸಿದಳು.

"ನೀವ ಬ್ಯಾಡ್ರಿ. ನಮ್ಮವ್ವ ತೂಗ್ತಾಳ."

ಹಿಂಬಾಲಕ ನನ್ನನ್ನು ನುಂಗುವಂತೆ ನೋಡಿದ. ಸಾಹೇಬರು ಸಣ್ಣಗೆ ಕೆಮ್ಮಿ ಕೈ ತೆಗೆದರು, ನೀರಿನ ಟಾಕಿಯ ಕಡೆ ನಡೆದರು. ಕ್ಯಾಮೆರಾವೂ ಅವರ ಹಿಂದೆಯೇ ಹೋಯಿತು. ನಮಾಜು ಮುಗಿಸಿ ಬಂದ ಚಾಚಾ ಬೆವರು ಒರೆಸಿಕೊಳ್ಳುತ್ತ ಗೇಟಿನಲ್ಲಿ ನಿಂತಿದ್ದರು. ಫೋಟೋದ ಗಡಿಬಿಡಿಯಲ್ಲಿ ಅವರನ್ನು ಯಾರೂ ಕೇಳಲಿಲ್ಲ. ಮಕ್ಕಳೆಲ್ಲ ಹೋ ಎಂದು ಒಳಗೆ ನುಗ್ಗಿದವು.

ನಾನು ತೂಗಿದೆ. ಮೊದಲು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಆಮೇಲೆ ಬಿಟ್ಟಳು. ನಗಲಿಲ್ಲ, ಗಾಳಿಗೆ ಮುಖ ಕೊಟ್ಟು ಕೂತಳು. ನನ್ನ ತೋಳು ಸೋಲುವವರೆಗೂ ತೂಗಿದೆ. ಜೋಕಾಲಿ ತಾನಾಗಿ ನಿಂತಾಗ ಸರಪಳಿಯ ಕೊಕ್ಕೆಯನ್ನು ಅವಳೇ ಬಿಚ್ಚಿ, ನನ್ನ ಕೊರಳಿಗೆ ಎರಡೂ ಕೈ ಹಾಕಿದಳು.

"ಆತವ್ವಾ. ನಡಿ, ಅರಿವಿ ಗಂಟು ಕಟ್ಟು. ನಾಳೆ ಹೋಗೂಣು."