ಹಗ್ಗಕ್ಕೆ ಕಟ್ಟಿದ ತೊಟ್ಟಿಲು

ಕನಕಪುರ ದಾಟಿ ಮರಳವಾಡಿ ಕಡೆಗೆ ಹೋಗುವಾಗ ಬಯಲಲ್ಲೊಂದು ಗೋರಿಯಿದೆ. ಒಳಗೆ ಮಲಗಿರುವವಳನ್ನು ಕ್ರೈಸ್ತರು ಮಾತೆ ಎನ್ನುತ್ತಾರೆ, ಮುಸ್ಲಿಮರು ಬೀಬಿ ಎನ್ನುತ್ತಾರೆ. ಪಕ್ಕದ ಹುಣಸೆಮರಕ್ಕೆ ಇಬ್ಬರೂ ಹರಕೆಯ ಪುಟ್ಟ ಮರದ ತೊಟ್ಟಿಲು ಕಟ್ಟುತ್ತಾರೆ. ಚನ್ನಪಟ್ಟಣದಲ್ಲಿ ನಾನೇ ಕಷ್ಟಪಟ್ಟು ಕಟ್ಟಿದ ಬೊಂಬೆ ಅಂಗಡಿಗೆ ಆ ತೊಟ್ಟಿಲು ಕೊಳ್ಳಲು ಎರಡೂ ಕಡೆಯವರು ಬರುತ್ತಾರೆ. ಚೌಕಾಸಿಯಲ್ಲಿ ಇಬ್ಬರೂ ಒಂದೇ.

ನನ್ನ ಮಗಳಿಗೆ ಎರಡು ಬಸುರು ನಿಲ್ಲಲಿಲ್ಲ. ಮೂರನೆಯದಕ್ಕೆ ಅಲ್ಲಿ ಹರಕೆ ಹೊತ್ತೆ. ಮಗು ಉಳಿಯಿತು. ಬೀಗಿತ್ತಿ ಸಿಡುಕಿದರು: "ನಮ್ಮ ದೇವ್ರುಗಳು ಕಮ್ಮಿ ಬಿದ್ದಿದ್ವಾ?"

"ದೊಡ್ಡಮಳೂರಿನ ಅಂಬೆಗಾಲು ಕೃಷ್ಣನ್ಗೂ ತೊಟ್ಲು ಕೊಟ್ಟಾಯ್ತು ಕಣಮ್ಮ. ಇಲ್ಲಿಗೂ ಮಾತು ಕೊಟ್ಟಿವ್ನಿ. ಕೊಟ್ಟ ಮಾತು ನಾನು ತಪ್ಪಾಕಿಲ್ಲ."

ಅಲ್ಲಿ ಒಂದು ಕಟ್ಟಳೆ. ನಮ್ಮ ತೊಟ್ಟಿಲನ್ನು ನಾವೇ ಕಟ್ಟುವಂತಿಲ್ಲ. ಕ್ರೈಸ್ತರದನ್ನು ಮುಸ್ಲಿಮರು, ಮುಸ್ಲಿಮರದನ್ನು ಕ್ರೈಸ್ತರು ಕಟ್ಟಬೇಕು. ನಮ್ಮಂಥ ಹಿಂದೂಗಳದನ್ನು ಇಬ್ಬರಲ್ಲಿ ಯಾರಾದರೂ ಸರಿ. ಹಾಗೆ ಕಟ್ಟಿಸುವವರೆಗೂ ಕೂಸನ್ನು ಮನೆಯ ತೊಟ್ಟಿಲಿಗೆ ಹಾಕುವುದಿಲ್ಲವೆಂದು ಮಗಳು ಎದೆಗವಚಿಕೊಂಡೇ ಮಲಗುತ್ತಿದ್ದಳು.

ಬಸ್ಸಿಳಿದು ನೋಡಿದರೆ ಗೋರಿಯ ಬಾಗಿಲಿಂದ ಹುಣಸೆಮರದವರೆಗೆ ನಡುಮಧ್ಯೆ ಹಗ್ಗ ಬಿಗಿದಿದೆ! ಆ ಕಡೆ ಮುಸ್ಲಿಮರ ಸಾಲಿಗೊಬ್ಬ, ನಾವಿದ್ದ ಈ ಕಡೆ ಕ್ರೈಸ್ತರ ಸಾಲಿಗೊಬ್ಬ, ಬ್ಯಾಡ್ಜು ಹಾಕಿಕೊಂಡ ಹುಡುಗರು.

"ಯಾವ ಸಾಲಮ್ಮ ನೀವು?"

"ಯಾಕಪ್ಪಾ ಸಾಲು?"

"ನೂಕುನುಗ್ಗಲು ಆಗ್ಬಾರ್ದು ಅಂತ ಹೊಸ ರೂಲ್ಸು. ಈ ಕಡೆಯವ್ರು ಆ ಕಡೆ ಹೋಗಂಗಿಲ್ಲ. ಅವರವರ ತೊಟ್ಲು ಅವರವರೇ ಕಟ್ಕೋಬೇಕು."

"ನೂಕಾಕೆ ಜನ ಎಲ್ಲವ್ರೆ? ನೀವಿಬ್ರೂ ಒಪ್ಕಂಡಿದ್ದು ಇದೊಂದೇ ಏನ್ಲಾ?"

ಎರಡೂ ಸಾಲಿನ ಹೆಂಗಸರು ತೊಟ್ಟಿಲು ಹಿಡಿದು ಹಗ್ಗದಾಚೆಗೆ ಮುಖ ನೋಡುತ್ತ ನಿಂತಿದ್ದರು. ಮಗಳು ನನ್ನ ಸೆರಗು ಜಗ್ಗಿದಳು. "ಅವ್ವ, ಕಟ್ಟಿಸ್ದೆ ನಾನು ಬರಾಕಿಲ್ಲ."

ಎದುರಿನವನು ಹಾಕಿದ ಷರತ್ತಿನಲ್ಲೇ ನಮಗೆ ಬೇಕಾದದ್ದು ಎಲ್ಲಿದೆಯೆಂದು ಮೊದಲು ಹುಡುಕಬೇಕು. ಅಂಗಡಿಯಲ್ಲಿ ಕೂತು ಕಲಿತದ್ದು ಅದು. ಹಗ್ಗ ನೋಡಿದೆ. ಎರಡೂ ಕಡೆಯಿಂದ ಕೈಗೆ ಎಟುಕುತ್ತಿತ್ತು.

ನನ್ನ ತೊಟ್ಟಿಲನ್ನು ಆಚೆಗೆ ಚಾಚಿದೆ. "ತಗಾ ತಾಯಿ, ಈ ಹಗ್ಗಕ್ಕೇ ಕಟ್ಟು."

ಆಚೆಯಿದ್ದ ಬುರ್ಖಾದ ಹೆಂಗಸು ತೊಟ್ಟಿಲು ತೆಗೆದುಕೊಂಡು ಗಂಟು ಬಿಗಿದಳು. ಅವಳದನ್ನು ನನ್ನ ಪಕ್ಕದಲ್ಲಿದ್ದ ಜಪಮಾಲೆಯ ಅಜ್ಜಿ ಕಿತ್ತುಕೊಂಡು ಕಟ್ಟಿತು. ಆಮೇಲೆ ಎರಡೂ ಕಡೆಯಿಂದ ಕೈಗಳೇ ಕೈಗಳು.

"ಏಯ್, ಇಲ್ಲಿ ಕಟ್ಟಂಗಿಲ್ಲ!" ಎಂದು ಒಬ್ಬ ಕೂಗಿದ.

"ಹರಕೆ ತೊಟ್ಲು ಕಣ್ಲಾ. ಎದೆಗಾರಿಕೆ ಇದ್ರೆ ಬಿಚ್ಚು," ಎಂದಿತು ಅಜ್ಜಿ.

ಬಿಚ್ಚಲು ಇಬ್ಬರೂ ಮುಂದೆ ಬರಲಿಲ್ಲ. ಅಂದು ಸಂಜೆ ಮಗಳು ಕೂಸನ್ನು ಮನೆಯ ತೊಟ್ಟಿಲಲ್ಲಿ ಮಲಗಿಸಿ, ಮೊದಲ ಸಲ ಎರಡೂ ಕೈ ಬಿಡುವು ಮಾಡಿಕೊಂಡು ಊಟ ಮಾಡಿದಳು.

ಹಗ್ಗ ಇನ್ನೂ ಇದೆಯಂತೆ, ತೊಟ್ಟಿಲುಗಳ ಭಾರಕ್ಕೆ ಜೋತುಬಿದ್ದು ಮಂಡಿಗೆ ಬಂದಿದೆಯಂತೆ. ಹೋಗುವವರಿಗೆ ನನ್ನದೊಂದು ಸಲಹೆ: ಹಗುರದ ತೊಟ್ಟಿಲು ಬೇಡ, ಭಾರದ್ದೇ ಒಯ್ಯಿರಿ.