ಗುತ್ತಲ ರಸ್ತೆಯ ತಂಬಿಗೆ

ಅವರ ಬಲಗೈ ಹೆಬ್ಬೆರಳಿನ ಉಗುರು ಡಾಂಬರಿನಿಂದ ಕರ್ರಗಾಗಿತ್ತು. ಸೀಮೆಎಣ್ಣೆ ಹಚ್ಚಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಎಂಬತ್ತರ ದಶಕದಲ್ಲಿ ನಾನು ಹಾವೇರಿಗೆ ಹೊಸ ರಸ್ತೆ ಎಂಜಿನಿಯರಾಗಿ ಬಂದಾಗ ಅವರು ನಮ್ಮ ಗ್ಯಾಂಗಿನ ಮೇಸ್ತ್ರಿ.

ಮಳೆಗಾಲ ಮುಗಿದೊಡನೆ ಯಾವ ರಸ್ತೆಯ ದುರಸ್ತಿ ಮೊದಲು ಎಂಬ ಪಟ್ಟಿ ತಯಾರಾಗಬೇಕು. ನನ್ನ ಬಳಿ ಪುಸ್ತಕದ ಲೆಕ್ಕಾಚಾರಗಳಿದ್ದವು, ಅವರ ಬಳಿ ಒಂದು ತಂಬಿಗೆ. ಅದನ್ನು ಕಂಠಮಟ ತುಂಬಿಸಿ, ತೊಡೆಯ ಮೇಲಿಟ್ಟುಕೊಂಡು ಜೀಪಿನಲ್ಲಿ ಕೂರುವರು. ಕಿಲೋಮೀಟರ್ ಕಲ್ಲು ಬಂದಾಗಲೆಲ್ಲ ಎಷ್ಟು ಬೆರಳು ನೀರು ಚೆಲ್ಲಿತೆಂದು ಹೇಳಿ, ಮತ್ತೆ ತುಂಬಿಸುವರು.

"ಕಣ್ಣಿಗೆ ಕಂಡದ್ದ ಬರೀಬ್ಯಾಡ್ರಿ. ಕುಂತವನ ನಡಾ ಏನ ಹೇಳತೈತಿ, ಅದನ್ನ ಬರೀರಿ."

ಆ ವರ್ಷ ಪಟ್ಟಿಯಲ್ಲಿ ಗುತ್ತಲ ರಸ್ತೆಯೇ ಮೊದಲು. ನಮ್ಮ ಸಾಹೇಬ ಅದನ್ನು ಹೊಡೆದುಹಾಕಿ, ಬ್ಯಾಡಗಿ ಕಡೆ ತನ್ನ ಬೀಗರ ತೋಟಕ್ಕೆ ಹೋಗುವ, ಹನಿ ನೀರೂ ಚೆಲ್ಲದ ರಸ್ತೆಯನ್ನು ಬರೆಸಿದ. ಬರೆದವನು ನಾನು.

ಮೇಸ್ತ್ರಿಯ ಮನೆ ಗುತ್ತಲದಲ್ಲಿ. ಬೇಸಿಗೆಯಲ್ಲಿ, ಚೊಚ್ಚಲ ಹೆರಿಗೆಗೆ ಬಂದಿದ್ದ ಮಗಳನ್ನು ಟೆಂಪೋದಲ್ಲಿ ಹಾವೇರಿ ದವಾಖಾನೆಗೆ ಕರೆತರುವಾಗ ಗುಂಡಿಗೆ ಬಿದ್ದು ಆ್ಯಕ್ಸಲ್ ಮುರಿಯಿತು. ದಾರಿಯಲ್ಲೇ ಹೆರಿಗೆಯಾಯಿತು. ಕೂಸು ಉಳಿಯಲಿಲ್ಲ.

ಅವರು ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ಕಾದರು. ಧಾರವಾಡದಿಂದ ದೊಡ್ಡ ಸಾಹೇಬರು ತಪಾಸಣೆಗೆ ಬಂದು, "ಪಟ್ಟಿ ಹೆಂಗ ಮಾಡತೀರಿ?" ಎಂದು ಕೇಳಿದ್ದೇ ತಡ, ತುಂಬಿದ ತಂಬಿಗೆಯನ್ನು ನಮ್ಮ ಸಾಹೇಬನ ತೊಡೆಯ ಮೇಲಿಟ್ಟರು.

"ಈ ಸಲ ನೀವ ಹಿಡೀರಿ, ಸಾಹೇಬ್ರ. ಗುತ್ತಲ ಕಡೆ ಹೋಗೂಣು."

ದೊಡ್ಡವರ ಎದುರು ಇಲ್ಲವೆನ್ನುವಂತಿರಲಿಲ್ಲ. ಮೂರನೇ ಕಲ್ಲಿಗೆ ಅವನ ಪ್ಯಾಂಟು ತೊಪ್ಪೆ. ಮೇಸ್ತ್ರಿ ಪ್ರತಿ ಕಲ್ಲಿಗೂ ಮರೆಯದೆ ತುಂಬಿಸಿದರು. ಸುಳ್ಳೇಕೆ ಹೇಳಲಿ, ಆ ತೊಪ್ಪೆಯಾದ ಪ್ಯಾಂಟು ನೆನಪಾದರೆ ಈಗಲೂ ನನ್ನ ಹೊಟ್ಟೆ ತಣ್ಣಗಾಗುತ್ತದೆ. ಒಂದು ಗುಂಡಿಯ ಹತ್ತಿರ ಮೇಸ್ತ್ರಿ ಜೀಪು ನಿಲ್ಲಿಸಲು ಹೇಳಿದರು.

"ನನ್ನ ಮೊಮ್ಮಗ ಹುಟ್ಟಿದ್ದೂ ಇಲ್ಲೇ, ಹೋಗಿದ್ದೂ ಇಲ್ಲೇ ರೀ."

ಸಾಹೇಬನಿಗೆ ವರ್ಗವಾಯಿತು. ಗುತ್ತಲ ರಸ್ತೆಗೆ ಡಾಂಬರು ಬಿತ್ತು. ನಾನು ಹಿಗ್ಗಿನಿಂದ ಮೇಸ್ತ್ರಿಯ ಕೈ ಹಿಡಿಯಹೋದೆ. ಅವರು ನನ್ನ ಕೈಯಲ್ಲಿ ತಂಬಿಗೆ ಇಟ್ಟರು.

"ಅಂವ ಹೇಳಿದಾ. ಬರದವ್ರು ನೀವು. ಇನ್ನ ಮ್ಯಾಲೆ ನೀವ ಹಿಡೀರಿ."

ಅವರು ನಿವೃತ್ತರಾಗುವವರೆಗೆ ಪ್ರತಿ ವರ್ಷ ನಾನೇ ಹಿಡಿದೆ. ರಾಣೆಬೆನ್ನೂರು ರಸ್ತೆಯಿರಲಿ, ಹೊಸರಿತ್ತಿಯದಿರಲಿ, ತೊಡೆ ತೋಯಿಸಿಕೊಂಡೇ ಪಟ್ಟಿ ಬರೆದೆ. ಮತ್ತೆಂದೂ ಸುಳ್ಳು ಬರೆಯಲಿಲ್ಲ.

ನಿವೃತ್ತರಾದಾಗ ತಂಬಿಗೆಯನ್ನು ಅವರೇ ಮನೆಗೆ ಒಯ್ದಿದ್ದರು. ಅವರು ತೀರಿಕೊಂಡ ಮೇಲೆ ಆ ಮಗಳು ನಮ್ಮ ಮನೆಗೆ ಬಂದಳು. "ಅಪ್ಪ ನಿಮಗ ಕೊಡು ಅಂದಿದ್ದ" ಎಂದು ತಂಬಿಗೆಯನ್ನು ಬಾಗಿಲ ಬಳಿ ಇಟ್ಟಳು. ಒಳಗೆ ಬಾ, ಚಹಾ ಕುಡಿ ಎಂದೆ.

"ಬ್ಯಾಡ್ರಿ" ಎಂದು ಹೊರಟುಹೋದಳು.