ಶಾನಭಾಗಳೂ ನಾನೇ, ಕಾಮತಳೂ ನಾನೇ

ನನ್ನನ್ನು ಒಮ್ಮೆ ನನಗೇ ಆದರ್ಶವಾಗಿ ತೋರಿಸಿದ್ದರು. ಅಂಥ ಭಾಗ್ಯ ಎಲ್ಲರಿಗೂ ಬರುವುದಿಲ್ಲ.

ಹೊನ್ನಾವರದಲ್ಲಿ ಹುಟ್ಟಿ, ಕುಮಟೆಯಲ್ಲಿ ಕಾಲೇಜು ಓದಿ, ಎಪ್ಪತ್ತರ ದಶಕದಲ್ಲಿ ಮುಂಬಯಿಯ ಪ್ರಯೋಗಾಲಯವೊಂದಕ್ಕೆ ಸೇರಿದವಳು ನಾನು, ಸುಮಿತ್ರಾ ಶಾನಭಾಗ. ಶರಾವತಿ ಸಮುದ್ರ ಸೇರುವಲ್ಲಿ ಮಳೆಗಾಲಕ್ಕೆ ನೀರು ಸಿಹಿ, ಬೇಸಿಗೆಗೆ ಉಪ್ಪು. ಉಪ್ಪೇರಿದಾಗ ಅಲ್ಲಿನ ಬ್ಯಾಕ್ಟೀರಿಯಾ ಯಾವ ಜೀನನ್ನು ಎಬ್ಬಿಸಿಕೊಂಡು ಬದುಕುತ್ತದೆಂದು ಪ್ರಬಂಧ ಬರೆದೆ. ಪರದೇಶದವರು ಅದನ್ನು ಅಲ್ಲಲ್ಲಿ ಉಲ್ಲೇಖಿಸಿದರು. ಗ್ರಂಥಾಲಯದ ದಪ್ಪ ಉಲ್ಲೇಖ ಸೂಚಿಯಲ್ಲಿ, ಇರುವೆ ಸಾಲಿನಂಥ ಅಕ್ಷರಗಳ ನಡುವೆ ನನ್ನ ಹೆಸರು ಹುಡುಕುವ ಚಟವೂ ಹತ್ತಿತು.

ಆಮೇಲೆ ಭಟ್ಕಳದ ಕಾಮತರ ಮನೆಯ ಸೊಸೆಯಾದೆ. ನಮ್ಮ ಪದ್ಧತಿಯಂತೆ ಮದುವೆಯಲ್ಲಿ ಅಕ್ಕಿಯ ಮೇಲೆ ಹೊಸ ಹೆಸರು ಬರೆಸಿದರು: ಮಂದಾಕಿನಿ. ಆರಿಸಿದವರು ಅತ್ತೆ. ಮುಂದಿನ ಪ್ರಬಂಧಗಳೆಲ್ಲ ಮಂದಾಕಿನಿ ಕಾಮತಳವು.

ಎಂಬತ್ತರ ದಶಕದಲ್ಲಿ ಬಡ್ತಿಯ ಸಂದರ್ಶನ ಬಂತು. ಅರ್ಜಿಯಲ್ಲಿದ್ದ ಶಾನಭಾಗಳ ಪ್ರಬಂಧಗಳನ್ನು ಯಾರೋ ಬೇರೆಯವರದೆಂದು ಹೊಡೆದುಹಾಕಿದ್ದರು. ಸಮಿತಿಯ ಹಿರಿಯರು ಮರುಕದಿಂದಲೇ ಹೇಳಿದರು: "ನಿಮಗೆ ಉಲ್ಲೇಖಗಳು ಕಡಿಮೆ. ಇದೇ ವಿಷಯದಲ್ಲಿ ಶಾನಭಾಗ ಅಂತ ಒಬ್ಬರು ಒಳ್ಳೆಯ ಕೆಲಸ ಮಾಡಿದ್ದಾರೆ. ಓದಿದ್ದೀರಾ?"

"ಅದು ನಾನೇ, ಸರ್."

ಯಾರೂ ನಗಲಿಲ್ಲ. ಹೆಸರು ಬದಲಾದದ್ದಕ್ಕೆ ಪ್ರಮಾಣಪತ್ರ ತಂದರೆ ನೋಡೋಣ ಎಂದರು.

ಮುಂಬಯಿಯಿಂದ ಬಸ್ಸು ಹಿಡಿದು ಭಟ್ಕಳಕ್ಕೆ ಬಂದೆ. ದಾರಿಯುದ್ದಕ್ಕೂ ಅತ್ತೆಯ ಮೇಲೆ ಸಿಟ್ಟು ಕಾಯಿಸುತ್ತಲೇ ಇದ್ದೆ. ವಿಷಯ ಕೇಳಿ ಅವರು ಒಳಗೆ ಹೋಗಿ ಸೀರೆ ಬದಲಿಸಿ ಬಂದರು. ನನ್ನನ್ನು ಕರೆದುಕೊಂಡು ನೇರ ವಕೀಲರ ಮನೆಗೆ ನಡೆದರು.

"ವಕೀಲ್ರೇ, ಹೆಸ್ರು ಬದಲ್ಸಿದ್ದು ನಾನು. ಹುಡುಗಿ ಅದೇ. ಎಂತ ಬರೀಬೇಕೋ ಬರೀರಿ, ನಾನು ಸಹಿ ಹಾಕ್ತೆ."

ಸಹಿ ಆಯಿತು. ಮರಳುವಾಗ ಅವರು ಮನೆಮಾತು ಕೊಂಕಣಿಯಲ್ಲಿ ಮೆಲ್ಲಗೆ ಹೇಳಿದರು: "ನಿನಗೆ ಮೊದಲೇ ಇಷ್ಟು ದೊಡ್ಡ ಹೆಸರು ಇತ್ತೆಂದು ನನಗೆ ಯಾರೂ ಹೇಳಲಿಲ್ಲ." ಕಾಯಿಸಿಕೊಂಡು ಬಂದ ಸಿಟ್ಟನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ.

ಬಡ್ತಿ ಸಿಕ್ಕಿತು. ಕೆಲಕಾಲದ ನಂತರ ಪರದೇಶದ ಪಂಡಿತರೊಬ್ಬರು ಒಂದು ಲೇಖನದಲ್ಲಿ ಬರೆದರು: ಶಾನಭಾಗರು ಕಂಡದ್ದನ್ನೇ ಕಾಮತರೂ ಸ್ವತಂತ್ರವಾಗಿ ಕಂಡಿರುವುದರಿಂದ ಈ ಫಲಿತಾಂಶವನ್ನು ನಂಬಬಹುದು.

ನನ್ನ ಪರವಾಗಿ ನಾನೇ ಸಾಕ್ಷಿ ಹೇಳಿದಂತಾಯಿತು. ಹಾಗೇ ಬಿಟ್ಟುಬಿಡುವ ಆಸೆಯಾದರೂ ಸುಮ್ಮನಿರಲಾಗದೆ, ಇಬ್ಬರೂ ಒಬ್ಬಳೇ ಎಂದು ತಿದ್ದುಪಡಿ ಬರೆದು ಕಳಿಸಿದೆ.

ಅತ್ತೆಗೆ ಹೇಳಿದಾಗ ಅವರು ಕೇಳಿದ್ದು ಒಂದೇ: "ಇಬ್ಬರ ಕೆಲಸ ಒಬ್ಬಳೇ ಮಾಡಿದಳು ಅಂತಲೂ ಬರೆದೆ ತಾನೇ?"